ಬಂದರಿನಿಂದ ಬಂದ ಕಬ್ಬಿಣದ ಮನೆ

ಹೋದ ವಾರ ಮೊಮ್ಮಗ ಬಳ್ಳಾರಿ ಪಾರ್ವತಿನಗರದ ನಮ್ಮ ಮನೆಯ ಗೇಟಿಗೆ ಬಣ್ಣ ಹಚ್ಚಿಸಿದ. ಹಸಿರು ಬಣ್ಣ ಬಳಿಯುವ ಮೊದಲು, ತುಕ್ಕು ಹಿಡಿಯದಿರಲೆಂದು ಕಬ್ಬಿಣಕ್ಕೆ ಕೆಂಪು ಬಣ್ಣ ಹಚ್ಚುತ್ತಾರಲ್ಲ, ಅದರ ವಾಸನೆ ಮನೆಯೆಲ್ಲ ತುಂಬಿತು. ಸೊಸೆ ಮೂಗಿಗೆ ಸೆರಗು ಹಿಡಿದು ಒಳಗೆ ಹೋದಳು. ನಾನು ಅಲ್ಲೇ ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಆ ವಾಸನೆಗೆ ಮಳೆಯ ಸದ್ದು, ಒದ್ದೆ ಕೌದಿ, ನನ್ನತ್ತೆಯ ಬೆವರಿದ ಕೈ, ಎಲ್ಲ ಬಂದವು. ಎಲ್ಲಕ್ಕಿಂತ ಮೊದಲು ಬಂದವರು ಲಾರಿ ಅಣ್ಣ.

ಅವರನ್ನು ನಾವು ಹಾಗೇ ಕರೆಯುತ್ತಿದ್ದೆವು. ಕುರುಗೋಡಿನಾಚೆ ಒಂದು ಹಳ್ಳಿಗೆ ನನ್ನನ್ನು ಕೊಟ್ಟಿದ್ದರು. ಸ್ವಾತಂತ್ರ್ಯ ಬಂದ ಮರುವರ್ಷವೋ ಅದರಾಚೆಯ ವರ್ಷವೋ ಇರಬೇಕು… ನಾನು ಎರಡನೆಯ ಸಲ ಬಸುರಿ. ಮೊದಲ ಕೂಸು ಹುಟ್ಟಿದ ದಿನವೇ ಹೋಗಿತ್ತು, ನಾನೂ ಉಳಿದದ್ದು ಹೆಚ್ಚು. ಈ ಸಲ ಬಳ್ಳಾರಿ ದವಾಖಾನೆಯಲ್ಲೇ ಹೆರಿಗೆಯಾಗಬೇಕೆಂದು ಅಲ್ಲಿಯ ಡಾಕ್ಟರಮ್ಮ ಹೇಳಿ ಕಳಿಸಿದ್ದರು. ಅಲ್ಲೇ ಸತ್ಯನಾರಾಯಣಪೇಟೆಯಲ್ಲಿದ್ದ ಸೋದರಮಾವನ ಮನೆಗೆ ಮುಂದಾಗಿ ಹೋಗಿ ಇರುವುದೆಂದು ಮಾತಾಗಿತ್ತು. ಆದರೆ ಹೊರಡುವುದಕ್ಕೆ ಇನ್ನೂ ದಿನವಿದೆ ಎನ್ನುವಾಗಲೇ ಒಂದು ಬೆಳಿಗ್ಗೆ ನೋವು ಶುರುವಾಯಿತು.

ನಮ್ಮವರು ಎತ್ತು ಹೂಡಿದರು. ಅತ್ತೆ ಗಾಡಿಗೆ ಹುಲ್ಲು ತುಂಬಿ ಮೇಲೆ ಕೌದಿ ಹಾಸಿದರು. ರಾತ್ರಿಯೆಲ್ಲ ಮಳೆ ಬಿದ್ದ ಎರೆಭೂಮಿ. ಗಾಲಿಗೆ ಕೆಸರು ಮೆತ್ತಿ ಮೆತ್ತಿ ಗಾಡಿ ಅರ್ಧ ಹರದಾರಿ ಹೋಗುವುದರೊಳಗೆ ಎತ್ತುಗಳ ಬಾಯಲ್ಲಿ ನೊರೆ. ಮತ್ತೆ ಮಳೆ ಹಿಡಿಯಿತು. ಹಳ್ಳದ ಹತ್ತಿರ ಬಂದಾಗ ನಮ್ಮವರು ಗಾಡಿ ನಿಲ್ಲಿಸಿದರು. ನಾನು ತಲೆ ಎತ್ತಿ ನೋಡಿದೆ. ಹಳ್ಳ ಎರಡೂ ದಂಡೆ ತುಂಬಿ ಕೆಂಪಗೆ ಹರಿಯುತ್ತಿತ್ತು. ಹಳ್ಳದ ಈಚೆಗೆ, ದಾರಿಯ ಮೇಲೆ, ಒಂದು ಮನೆಯಷ್ಟು ದೊಡ್ಡದಾದ ಕೆಂಪು ವಸ್ತು ಅಡ್ಡಬಿದ್ದಿತ್ತು.

ಅದೊಂದು ಎಣ್ಣೆಯ ಟ್ಯಾಂಕು. ಸಿರುಗುಪ್ಪದಲ್ಲಿ ಹೊಸದಾಗಿ ಶೇಂಗಾ ಎಣ್ಣೆಯ ಗಿರಣಿ ಕಟ್ಟುತ್ತಿದ್ದರು. ಅದಕ್ಕಾಗಿ ಹಡಗಿನಲ್ಲಿ ಮದರಾಸು ಬಂದರಿಗೆ ಬಂದದ್ದನ್ನು ಲಾರಿಯ ಮೇಲೆ ತರುತ್ತಿದ್ದರು. ಯುದ್ಧ ಮುಗಿದ ಮೇಲೆ ಹರಾಜಾದ ಮಿಲಿಟರಿ ಲಾರಿ ಅದು, ಹಿಂದೆ ಉದ್ದನೆಯ ತಗ್ಗು ಬಂಡಿ. ಬಂಡಿಯ ಮೇಲೆ ಮರದ ದಿಮ್ಮಿಗಳ ನಡುವೆ ಟ್ಯಾಂಕನ್ನು ಅಡ್ಡ ಮಲಗಿಸಿ ಸರಪಳಿ ಬಿಗಿದಿದ್ದರು. ಬಳ್ಳಾರಿಯಿಂದ ಸಿರುಗುಪ್ಪಕ್ಕೆ ನೇರ ಹೋಗುವ ದಾರಿಯಲ್ಲಿದ್ದ ಸಣ್ಣ ಸೇತುವೆ ಆ ಭಾರ ತಾಳುವುದಿಲ್ಲವೆಂದು ಕುರುಗೋಡಿನ ಮೇಲೆ ಸುತ್ತುಹಾಕಿ ಬಂದಿದ್ದರಂತೆ. ಹಳ್ಳವನ್ನೇನೋ ದಾಟಿದ್ದರು. ದಾಟಿದ ಮೇಲೆ ಎರೆಮಣ್ಣಿನಲ್ಲಿ ಗಾಲಿ ಹೂತು ಕುಳಿತಿತ್ತು. ಟ್ಯಾಂಕಿನ ಮೇಲಿನ ಮುಚ್ಚಳ ಇನ್ನೂ ಕೂಡಿಸಿರಲಿಲ್ಲ, ಅದು ಬೇರೆಯಾಗಿ ಹಿಂದಿನಿಂದ ಬರುವುದಿತ್ತು. ಹಾಗಾಗಿ ಒಂದು ಬದಿ ಪೂರ್ತಿ ತೆರೆದ ಬಾಯಿ. ಆ ಬಾಯಿಗೆ ತಾಡಪತ್ರಿ ಕಟ್ಟಿದ್ದರು.

ಲಾರಿಯ ಕೆಳಗೆ ಮಳೆಗೆ ಮರೆಯಾಗಿ ಕುಳಿತಿದ್ದ ಜನರೊಳಗಿಂದ ಒಬ್ಬರು ಎದ್ದು ಬಂದರು. ನೀಳ ಕಾಯ, ಖಾಕಿ ಅಂಗಿ, ನಡುವಯಸ್ಸು. ಆ ಲಾರಿ ಓಡಿಸುತ್ತಿದ್ದವರು, ಅವರೇ ಲಾರಿ ಅಣ್ಣ. ಗಾಡಿಯೊಳಗೆ ಒಮ್ಮೆ ನೋಡಿ ಕೂಡಲೇ ಮುಖ ತಿರುಗಿಸಿಕೊಂಡರು.

“ಎಲ್ಲಿಗೆ ಹೊಂಟೀರಿ?” ಅವರ ಕನ್ನಡದಲ್ಲಿ ತೆಲುಗಿನ ರಾಗವಿತ್ತು.

“ಬಳ್ಳಾರಿ ದವಾಖಾನಿಗೆ,” ಅಂದರು ನಮ್ಮವರು.

“ಇವತ್ತು ಹಳ್ಳ ದಾಟಾಕ ಆಗಂಗಿಲ್ಲ. ಊರಿಗೆ ತಿರುಗಿ ಹೋಗ್ರಿ.”

ಅತ್ತೆ ನನ್ನ ಹೊಟ್ಟೆಯ ಮೇಲಿಟ್ಟ ಕೈ ತೆಗೆಯದೆಯೇ ಹೇಳಿದರು, “ಊರು ಮುಟ್ಟಾತನ ತಡಿಯಂಗಿಲ್ಲಪಾ. ಇಲ್ಲೇ ಆಕೈತಿ.”

ಲಾರಿ ಅಣ್ಣ ಟ್ಯಾಂಕಿನ ಕಡೆ ನೋಡಿದರು. ಅವರ ಆಳುಗಳಲ್ಲಿ ಹಿರಿಯನೊಬ್ಬನಿಗೆ ಅವರ ಮನಸ್ಸು ತಿಳಿದಿರಬೇಕು. “ಬ್ಯಾಡ ನೋಡ್ರಿ,” ಅಂದ. “ಒಳಗ ಯಾರನ್ನೂ ಬಿಡಬ್ಯಾಡ್ರಿ ಅಂತ ಗಿರಣಿ ಸಾಹುಕಾರ್ರು ಹೇಳ್ಯಾರ. ಉಣ್ಣೋ ಎಣ್ಣಿ, ದೇವರ ದೀಪದ ಎಣ್ಣಿ ಅದರಾಗ ತುಂಬೋದು. ಹಡದ ಮೈಲಿಗಿ ಆದ್ರ ಅದನ್ನ ತಗೊಳ್ಳಂಗಿಲ್ಲ ಅಂತಾರ. ಮದ್ರಾಸಿನಿಂದ ತಂದಿದ್ದೆಲ್ಲ ನೀರಾಗ ಹೋಕೈತಿ.”

ಲಾರಿ ಅಣ್ಣ ಹೋಗಿ ತಾಡಪತ್ರಿಯ ಹಗ್ಗ ಬಿಚ್ಚತೊಡಗಿದರು. ಗಂಟು ನೆನೆದು ಬಿಗಿದಿತ್ತು, ಹಲ್ಲಿನಿಂದ ಕಚ್ಚಿ ಎಳೆದದ್ದು ನನಗೆ ನೆನಪಿದೆ. ಅದನ್ನು ನೋಡಿ ಆ ಹಿರಿಯ ಆಳೇ ಎದ್ದು ಬಂದು ಇನ್ನೊಂದು ತುದಿ ಹಿಡಿದ.

ಬಂಡಿಯ ಗಾಲಿಗಳು ಅಲುಗದಂತೆ ಕಲ್ಲು ಕೊಟ್ಟರು. ಹಲಗೆ ಇಳಿಬಿಟ್ಟರು. ಗಾಡಿಯಲ್ಲಿದ್ದ ಹುಲ್ಲನ್ನೆಲ್ಲ ಒಳಗೆ ಹಾಕಿ ಅತ್ತೆ ಕೌದಿ ಹಾಸಿದರು. ದುಂಡಗಿನ ತಳ, ತೊಟ್ಟಿಲ ಹಾಗಿತ್ತು. ನಮ್ಮವರೂ ಅವರೂ ಸೇರಿ ನನ್ನನ್ನು ಎತ್ತಿ ಒಳಗೆ ಬಿಟ್ಟರು. ಬಾಯಿಯ ಅಂಚು ಹಿಡಿದ ನನ್ನ ಅಂಗೈಗೆ ಕೆಂಪು ಬಣ್ಣ ಹತ್ತಿತು. ಹೊರಗೆಲ್ಲ ಆ ಬಣ್ಣ, ಒಳಗೆ ಬರಿ ಕಬ್ಬಿಣ.

“ಚೆಲ್ಲೀ, ಹೆದರಬ್ಯಾಡ,” ಅಂದರು ಅವರು. ತೆಲುಗಿನಲ್ಲಿ ಚೆಲ್ಲಿ ಅಂದರೆ ತಂಗಿ. “ಸಮುದ್ರ ದಾಟಿ ಬಂದದ್ದು ಇದು. ಮಳಿಗೆ ಏನೂ ಆಗಂಗಿಲ್ಲ.” ತಾಡಪತ್ರಿ ಇಳಿಬಿಟ್ಟು ಹೊರಗೆ ಹೋದರು.

ಒಳಗಿನ ಸದ್ದು ಹೇಗೆ ಹೇಳಲಿ… ಕಬ್ಬಿಣದ ಮೇಲೆ ಮಳೆ ಬಡಿಯುವುದು ನೂರು ಡೊಳ್ಳಿನ ಹಾಗಿತ್ತು. ಪಕ್ಕದಲ್ಲೇ ಕುಳಿತ ಅತ್ತೆ ಏನು ಹೇಳುತ್ತಿದ್ದಾರೆಂದು ನನಗೆ ಕೇಳುತ್ತಿರಲಿಲ್ಲ. ಅವರ ಬಾಯಿ ನೋಡಿ ತಿಳಿದುಕೊಳ್ಳುತ್ತಿದ್ದೆ. ಮನೆಯಲ್ಲಿ ಅತ್ತೆ ಗಟ್ಟಿ ಹೆಂಗಸು, ನನ್ನ ಮೇಲೆ ಪ್ರೀತಿ ತೋರಿಸಿದವರೇ ಅಲ್ಲ. ಅವತ್ತು ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಹಣೆಗೆ ಹಣೆ ಹಚ್ಚಿ, “ಈ ಸಲ ನಿನ್ನ ಬಿಟ್ಟುಕೊಡಂಗಿಲ್ಲವಾ,” ಅಂದರು. ಅದೊಂದು ಮಾತು ಮಾತ್ರ ಕೇಳಿಸಿತು.

ಲಾರಿ ಅಣ್ಣ ಹೊರಗೆ ತಮ್ಮ ಸ್ಟೋವ್ ಹಚ್ಚಿ ನೀರು ಕಾಸಿದರು. ಗಡ್ಡ ಹೆರೆಯಲು ಇಟ್ಟುಕೊಂಡಿದ್ದ ಹೊಸ ಬ್ಲೇಡನ್ನು ಅದರಲ್ಲೇ ಕುದಿಸಿ, ತಾಡಪತ್ರಿಯ ಅಂಚಿನಿಂದ ಮುಖ ಆಚೆ ಮಾಡಿಕೊಂಡೇ ಒಳಗೆ ಚಾಚಿದರು. ಒಗೆದ ಪಂಚೆಯೊಂದನ್ನು ಕೊಟ್ಟರು. ಆಮೇಲೆ ಸಾಯಂಕಾಲದವರೆಗೂ ತಾಡಪತ್ರಿ ಗಾಳಿಗೆ ಹಾರದಂತೆ ಒಂದು ಬದಿ ಅವರು, ಇನ್ನೊಂದು ಬದಿ ನಮ್ಮವರು ಹಿಡಿದು ಮಳೆಯಲ್ಲಿ ನಿಂತರಂತೆ.

ದೀಪ ಹಚ್ಚುವ ಹೊತ್ತಿಗಿಂತ ಮುಂಚೆ ಮಗಳು ಹುಟ್ಟಿದಳು. ಒಂದು ಕ್ಷಣ ಅಳಲೇ ಇಲ್ಲ. ಅತ್ತೆ ಕಾಲು ಹಿಡಿದೆತ್ತಿ ಬೆನ್ನು ತಟ್ಟಿದರು. ಆಗ ಅತ್ತಳು ನೋಡಿ… ಆ ಕಬ್ಬಿಣದ ಗೋಡೆಗಳೆಲ್ಲ ಅವಳ ಜೊತೆ ಅತ್ತವು. “ಒಂದು ಕೂಸು ಅತ್ತಂಗಾಗಲಿಲ್ಲ, ಊರಾಗಿನ ಕೂಸೆಲ್ಲ ಕೂಡಿ ಅತ್ತಂಗಾತು,” ಎಂದು ಅತ್ತೆ ಸಾಯುವ ತನಕ ಹೇಳುತ್ತಿದ್ದರು. ಹೊರಗೆ ಯಾರೋ ದೊಡ್ಡದಾಗಿ ನಕ್ಕ ಸದ್ದು. ಲಾರಿ ಅಣ್ಣ ಅತ್ತದ್ದು ಅದು, ನಕ್ಕದ್ದಲ್ಲ ಎಂದು ನಮ್ಮವರು ಎಷ್ಟೋ ದಿನದ ಮೇಲೆ ಹೇಳಿದರು.

ಮಳೆ ನಿಂತಿತು. ನಾವು ಗಾಡಿಯಲ್ಲಿ ಊರಿಗೆ ತಿರುಗಿದೆವು. ಮರುದಿನ ನಮ್ಮವರು ಊರಿನ ಎತ್ತುಗಳನ್ನೆಲ್ಲ ಹೊಡೆದುಕೊಂಡು ಹೋಗಿ, ಲಾರಿಯ ಮುಂದೆ ಹೂಡಿ, ಕೆಸರಿನಿಂದ ಎಳೆಸಿದರು. ಲಾರಿ ಊರು ಹಾಯ್ದು ಹೋಗುವಾಗ ಜನರ ಕೂಗು ಬಾಣಂತಿಯಾದ ನನ್ನ ಕೋಣೆಯವರೆಗೂ ಕೇಳಿಸಿತು.

ತಿರುಗಿ ಬರುವಾಗ ಲಾರಿ ಅಣ್ಣ ನಮ್ಮ ಮನೆಯ ಮುಂದೆ ಖಾಲಿ ಲಾರಿ ನಿಲ್ಲಿಸಿದರು. ಅತ್ತೆ ಮೊದಲು ಕೇಳಿದ್ದು, “ಸಾಹುಕಾರ್ರು ಏನಂದ್ರಪಾ?” ಎಂದು. ನಮಗೆಲ್ಲ ಅದೇ ಚಿಂತೆ. ಆಳುಗಳು ದಾರಿಯುದ್ದಕ್ಕೂ ಹೇಳಿದರಂತೆ, ತೊಳೆದುಬಿಟ್ಟರೆ ಯಾರಿಗೆ ತಿಳಿಯುತ್ತದೆ, ಸುಮ್ಮನಿರಿ ಎಂದು. ಅವರು ಕೇಳಲಿಲ್ಲ. “ಕೂಸು ಹುಟ್ಟಿದ್ದೇನು ಕಳವು ಮಾಲಾ, ಮುಚ್ಚಿಡಾಕ?” ಅಂದರು ನಮಗೆ. ಗಿರಣಿಯ ಬಾಗಿಲಲ್ಲಿ ಲಾರಿ ನಿಲ್ಲಿಸಿ, ಇಳಿಸುವ ಮೊದಲೇ ಸಾಹುಕಾರರಿಗೆ ಎಲ್ಲ ಹೇಳಿದರಂತೆ. ಸಾಹುಕಾರರು ಕೆಂಡವಾದರು. ಒಳಗೆ ತರಬೇಡಿ, ಇದನ್ನು ತಿರುಗಿ ಒಯ್ಯಿರಿ ಅಂದರು. ಲಾರಿ ಅಣ್ಣ ತಲೆಬಗ್ಗಿಸಿ ನಿಂತರು, ತಪ್ಪಾಯಿತು ಎಂದು ಮಾತ್ರ ಅನ್ನಲಿಲ್ಲ. ಆ ಗದ್ದಲಕ್ಕೆ ಸಾಹುಕಾರರ ಮುದಿ ತಾಯಿ ಕೋಲೂರಿಕೊಂಡು ಹೊರಗೆ ಬಂದಳು.

“ಏನು ಹುಟ್ತು?” ಎಂದು ಕೇಳಿದಳಂತೆ.

“ಹೆಣ್ಣು, ಅಮ್ಮಾ.”

“ತಾಯಿ?”

“ಆರಾಮ ಅದಾಳ.”

ಮುದುಕಿ ಮಗನ ಕಡೆ ತಿರುಗಿದಳು. “ನಿನ್ನನ್ನ ದನದ ಕೊಟ್ಟಿಗ್ಯಾಗ ಹಡದೀನಿ ನಾನು. ಆ ಕೊಟ್ಟಿಗಿ ಹಾಲು ಊರೆಲ್ಲ ಕುಡೀತು. ಲಕ್ಷ್ಮಿ ಮುಂಚೇನ ಬಂದು ಕುಂತಾಳ ನಿನ್ನ ಟ್ಯಾಂಕಿನಾಗ, ಇಳಿಸ್ಕೋ ಸುಮ್ನ.” ತಾನೇ ಅರಿಸಿನ ಕುಂಕುಮ ತರಿಸಿ ಟ್ಯಾಂಕಿನ ಅಂಚಿಗೆ ಹಚ್ಚಿದಳಂತೆ. ಇದನ್ನು ಹೇಳುವಾಗ ಲಾರಿ ಅಣ್ಣನ ಮುಖ ನೋಡಬೇಕಿತ್ತು.

ಅಲ್ಲಿಂದ ಮುಂದೆ ಆ ದಾರಿಯಲ್ಲಿ ಬಂದಾಗಲೆಲ್ಲ ಅವರು ನಮ್ಮ ಮನೆಗೆ ಬಾರದೆ ಹೋಗಲಿಲ್ಲ. ತುಂಗಭದ್ರೆಗೆ ಅಣೆಕಟ್ಟು ಕಟ್ಟುತ್ತಿದ್ದ ಕಾಲ. ಬಂದರಿನಿಂದ ದೊಡ್ಡ ದೊಡ್ಡ ಕಬ್ಬಿಣದ ಸಾಮಾನು ಬರುತ್ತಲೇ ಇರುತ್ತಿತ್ತು. ಮಗಳಿಗೆ ಮಾತು ಬರುವ ಮೊದಲೇ ಲಾರಿಯ ಸದ್ದು ಗುರುತು ಸಿಕ್ಕುತ್ತಿತ್ತು. ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಹಾರ್ನ್ ಒತ್ತಿಸುತ್ತಿದ್ದರು. ಊರ ನಾಯಿಗಳೆಲ್ಲ ಬೊಗಳುತ್ತಿದ್ದವು. ಅತ್ತೆ ಬೈದುಕೊಳ್ಳುತ್ತಲೇ ಅವರಿಗೆಂದು ರೊಟ್ಟಿ ತಟ್ಟುತ್ತಿದ್ದರು.

ಒಂದು ಸಲ ಅತ್ತೆ, “ನಿನಗ ಮಕ್ಕಳೆಷ್ಟಪಾ?” ಎಂದು ಕೇಳಿದರು. ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. ಯುದ್ಧದಲ್ಲಿ ಬಾಂಬು ಬೀಳುತ್ತದೆಂದು ಮದರಾಸಿನ ಜನ ಊರು ಬಿಟ್ಟಾಗ, ತುಂಬು ಬಸುರಿ ಹೆಂಡತಿಯನ್ನು ರೈಲು ಹತ್ತಿಸಿ ತವರಿಗೆ ಕಳಿಸಿದ್ದರಂತೆ. ಇವರಿಗೆ ಲಾರಿ ಬಿಟ್ಟು ಹೋಗಲು ಅಪ್ಪಣೆಯಿರಲಿಲ್ಲ. ದಾರಿಯಲ್ಲಿ ಯಾವುದೋ ಊರಲ್ಲಿ ರೈಲು ನಿಂತುಬಿಟ್ಟಿತು. ಆಕೆ ನೋವು ತಿನ್ನುತ್ತ ಮನೆ ಮನೆಯ ಬಾಗಿಲು ಬಡಿದಳಂತೆ…

“ಯಾರೂ ತೆಗೀಲಿಲ್ಲಮ್ಮಾ,” ಅಂದರು. ಆಮೇಲೆ ರೊಟ್ಟಿ ಮುರಿದುಕೊಂಡು ತಿಂದರು. ಅತ್ತೆ ಎದ್ದು ಹೋಗಿ ಅವರ ತಾಟಿಗೆ ಇನ್ನಷ್ಟು ಬೆಣ್ಣೆ ಹಾಕಿದರು.

ಬಳ್ಳಾರಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ ಅವರು ಕಡೆಯ ಸಲ ಬಂದರು. ಇನ್ನು ಬೇರೆ ಬಂದರಿನ ಕಡೆ ಕೆಲಸ, ದೂರ, ಆದರೂ ಒಮ್ಮೆ ಬರುತ್ತೇನೆ ಅಂದರು. ಮಗಳು ಲಾರಿಯ ಹಿಂದೆ ಊರ ಅಗಸೆ ಬಾಗಿಲವರೆಗೂ ಓಡಿದಳು. ಆಮೇಲೆ ಬರಲಿಲ್ಲ. ನಾವು ಬರುವ ಹೋಗುವ ಲಾರಿಯವರನ್ನು ಕೇಳಿದೆವು. ಏನೆಂದು ಕೇಳುವುದು? ನಮಗೆ ಅವರ ಹೆಸರು ಗೊತ್ತಿರಲಿಲ್ಲ, ಊರೂ ಗೊತ್ತಿರಲಿಲ್ಲ. ಅಣ್ಣ ಅಂದ ಮೇಲೆ ಹೆಸರು ಯಾಕೆ, ಮತ್ತೆ ಬರುತ್ತಾರಲ್ಲ ಎಂದು ತಿಳಿದಿದ್ದೆವು…

ಸಿರುಗುಪ್ಪದ ಆ ಗಿರಣಿ ಈಗಿಲ್ಲ. ಅತ್ತೆ ಇಲ್ಲ, ನಮ್ಮವರೂ ಇಲ್ಲ. ಅವರೂ ಇರಲಾರರು, ಲೆಕ್ಕ ಹಾಕಿದರೆ ತಿಳಿಯುತ್ತದೆ. ಮಗಳು ಸಾಲೆಯಲ್ಲಿ ಕಲಿಸಿ ನಿವೃತ್ತಳಾಗಿದ್ದಾಳೆ. ಅವಳಿಗೆ ಅವರ ಮುಖ ನೆನಪಿಲ್ಲವಂತೆ.

ಮೊನ್ನೆ ಅವಳ ಜೊತೆ ಕಾರಿನಲ್ಲಿ ಕುಡತಿನಿಯ ಕಡೆ ಹೋಗಿದ್ದೆ. ವಿದ್ಯುತ್ ಸ್ಥಾವರಕ್ಕೆ ಹೋಗುವ ದೊಡ್ಡದೊಂದು ಟ್ಯಾಂಕು ದಾರಿಗೆ ಅಡ್ಡ ನಿಂತಿತ್ತು, ಎಣಿಸಲಾಗದಷ್ಟು ಗಾಲಿಗಳ ಬಂಡಿಯ ಮೇಲೆ. ಹಿಂದೆ ನಿಂತವರೆಲ್ಲ ಹಾರ್ನ್ ಬಾರಿಸಿ ಬೈಯುತ್ತಿದ್ದರು. ಮಗಳು ಇಳಿದು, ನೀರಿನ ಬಾಟಲಿ ಹಿಡಿದು, ಬಿಸಿಲಲ್ಲಿ ಆ ಬಂಡಿಯ ಉದ್ದಕ್ಕೂ ನಡೆದು ಮುಂದೆ ಹೋದಳು. ಡ್ರೈವರ್ ಇನ್ನೂ ಹರೆಯದವನು. ನೀರು ಕುಡಿದು ಬಾಟಲಿ ತಿರುಗಿ ಕೊಡುವಾಗ ಅವಳು ಅವನನ್ನು ಏನೋ ಕೇಳಿದಳು, ಅವನು ನಗುತ್ತ ಹೇಳಿದ.

ಬಂದು ಕುಳಿತವಳು ಬಾಗಿಲು ಹಾಕಿಕೊಳ್ಳುವ ಮೊದಲೇ, “ಅವನ ಹೆಸರೂ ಕೇಳಿದೆ ಅವ್ವಾ, ಊರೂ ಕೇಳಿದೆ,” ಅಂದಳು.