ಚಿಕ್ಕಮ್ಮನ ಬಟ್ಟೆ ಡಿಕ್ಷನರಿ

ನಮ್ಮ ಬೀದಿಯ ಕೊನೆಯ ಇಸ್ತ್ರಿ ಗಾಡಿಯವನು ಇನ್ನೂ ಇದ್ದಿಲನ್ನೇ ನೆಚ್ಚಿಕೊಂಡಿದ್ದಾನೆ. ಬೆಳಗಿನ ವಾಕಿಂಗ್ ಮುಗಿಸಿ ಬರುವ ಹೊತ್ತಿಗೆ ಸರಿಯಾಗಿ ಅವನು ನೀರು ಚಿಮುಕಿಸಿದ ಕಾಟನ್ ಬಟ್ಟೆಯ ಮೇಲೆ ಪೆಟ್ಟಿಗೆ ಇಡುತ್ತಾನೆ, ಬಿಸಿ ಹಬೆ ಏಳುತ್ತದೆ. ಆ ವಾಸನೆಗೆ ಬೇರೆಯವರಿಗೆ ಏನು ನೆನಪಾಗುತ್ತದೋ ಕಾಣೆ, ನನಗಂತೂ ಇಂಗ್ಲಿಷ್ ನೆನಪಾಗುತ್ತದೆ. ನಗಬೇಡಿ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಆ ಭಾಷೆಯನ್ನು ಕಲಿಸಿದವಳು ನಾನು, ಅದರ ವಾಸನೆ ಹೇಗಿರುತ್ತದೆಂದು ಹೇಳುವ ಹಕ್ಕು ನನಗಿದೆ.

ಎಪ್ಪತ್ತರ ದಶಕದ ಕೊನೆಯ ಮಾತು. ನನ್ನ ಅಮ್ಮನ ತಂಗಿ ಸರೋಜ ಚಿಕ್ಕಮ್ಮ ಯಡಿಯೂರಿನಲ್ಲಿ, ಕೆರೆಯ ಹಿಂದಿನ ಬೀದಿಯಲ್ಲಿ, ಬಾಡಿಗೆ ಮನೆಯ ಮುಂದಿನ ಜಗಲಿಯಲ್ಲಿ ಒಂದು ಹೊಲಿಗೆ ಮಿಷನ್ನು, ಪಕ್ಕದಲ್ಲೊಂದು ಇದ್ದಿಲಿನ ಇಸ್ತ್ರಿ ಪೆಟ್ಟಿಗೆ ಇಟ್ಟುಕೊಂಡು ಕೂತಿದ್ದಳು. ಹೊಲಿಗೆಯಲ್ಲಿ ಅವಳ ಕೈ ಬಲು ಚುರುಕು. ಆದರೆ ಜಯನಗರದ ಹೊಸ ಮನೆಗಳಿಗೆ ಊರೂರಿಂದ ವರ್ಗವಾಗಿ ಬಂದ ಆಫೀಸರುಗಳ ಹೆಂಡತಿಯರಿಗೆ ಕನ್ನಡ ಬಾರದು, ಏಳನೇ ಕ್ಲಾಸು ಓದಿದ ಚಿಕ್ಕಮ್ಮನಿಗೆ ಇಂಗ್ಲಿಷ್ ಬಾರದು. ನಾನು ಆಗ ಒಂಬತ್ತನೇ ಕ್ಲಾಸು, ಇಂಗ್ಲಿಷ್ ಮೀಡಿಯಂ. ನನ್ನ ಜಂಭ ಕೇಳಬೇಡಿ. ಮನೆಯಲ್ಲಿ ಉಪ್ಪು ಕೇಳುವಾಗಲೂ ‘ಪ್ಲೀಸ್’ ಸೇರಿಸುತ್ತಿದ್ದೆ.

“ದಿನಾ ಐದು ಪದ ಹೇಳ್ಕೊಡು ಪುಟ್ಟಿ. ಅದರ ಅರ್ಥ ಹೇಳು, ಒಂದು ಉದಾಹರಣೆ ಹೇಳು. ಸಾಕು” ಎಂದಳು ಚಿಕ್ಕಮ್ಮ.

ನನ್ನ ಪಾಠ ಶುರುವಾಯಿತು. ಡಿಕ್ಷನರಿ ನೋಡಿ, ಉದ್ದ ನೋಟ್‌ಬುಕ್ಕಿನಲ್ಲಿ ಕನ್ನಡ ಅಕ್ಷರದಲ್ಲೇ ಪದ ಬರೆದು, ಪಕ್ಕದಲ್ಲಿ ಅರ್ಥ, ಕೆಳಗೊಂದು ವಾಕ್ಯ. ಪ್ರಾಮಿಸ್ ಎಂದರೆ ಕೊಟ್ಟ ಮಾತು. ಉದಾಹರಣೆ, ‘ದಿ ಕಿಂಗ್ ಕೆಪ್ಟ್ ಹಿಸ್ ಪ್ರಾಮಿಸ್’, ರಾಜನು ಕೊಟ್ಟ ಮಾತು ಉಳಿಸಿಕೊಂಡನು. ಚಿಕ್ಕಮ್ಮ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಕೇಳಿದಳು.

“ಯಾವ ರಾಜ?”

“ಯಾವುದೋ ರಾಜ. ಡಿಕ್ಷನರೀಲಿ ಇರೋದು.”

“ನಮ್ಮ ಹತ್ರ ಬಟ್ಟೆ ಹೊಲಿಸ್ತಾನಾ? ಇಲ್ವಲ್ಲ. ಅವನನ್ನ ಕಟ್ಕೊಂಡು ನಂಗೇನಾಗ್ಬೇಕು?”

ಮಾರನೇ ದಿನ ನೋಡುತ್ತೇನೆ, ನನ್ನ ರಾಜನ ವಾಕ್ಯದ ಮೇಲೆ ಒಂದು ತುಂಡು ಹಸಿರು ಜರಿ ಬಟ್ಟೆಯನ್ನು ಸೂಜಿಯಲ್ಲಿ ಹೊಲಿದು ಕೂರಿಸಿದ್ದಾಳೆ. ಮದುವಣಗಿತ್ತಿಯೊಬ್ಬಳ ರವಿಕೆಯ ಚೂರು. ಧಾರೆಯ ಹಿಂದಿನ ದಿನ ಕೊಡುತ್ತೇನೆಂದು ಮಾತು ಕೊಟ್ಟು, ಜ್ವರದಲ್ಲೇ ಕೂತು ಹೊಲಿದು ಕೊಟ್ಟದ್ದಂತೆ. ಪ್ರಾಮಿಸ್ ಎಂದರೆ ಅದು!

ಅಲ್ಲಿಂದ ಮುಂದೆ ಅವಳ ನೋಟ್‌ಬುಕ್ಕಿನಲ್ಲಿ ಉದಾಹರಣೆಗಳೆಲ್ಲ ಬಟ್ಟೆಯವೇ. ಪ್ಲೀಟ್ ಎಂಬಲ್ಲಿ ನೆರಿಗೆ ಹಿಡಿದ ತುಂಡು, ಟೈಟ್ ಎಂಬಲ್ಲಿ ಕಂಕುಳಲ್ಲಿ ಪರ್ರೆಂದು ಹರಿದ ತೋಳು. ‘ಐ ಆಮ್ ಸಾರಿ’ ಎಂಬಲ್ಲಿ ಇಸ್ತ್ರಿ ಪೆಟ್ಟಿಗೆ ತಾಗಿ ಕಂದು ಕಲೆಯಾದ ರೇಷ್ಮೆ. ಅದನ್ನು ಕಂಡಾಗಲೆಲ್ಲ ಅವಳ ಮುಖ ಸಣ್ಣಗಾಗುತ್ತಿತ್ತು. ದೀಪಾವಳಿ ಕಳೆದ ಮೇಲೆ ಮುಗಿದ ಫ್ರಾಕಿನ ಲೇಸು ‘ಲೇಟ್’ ಎಂಬ ಪದಕ್ಕೆ ಹೋಯಿತು. ಪುಸ್ತಕ ದಪ್ಪವಾಗುತ್ತಾ ಹೋಗಿ ಮುಚ್ಚಲಾಗದೆ ದಾರ ಸುತ್ತಿ ಇಡಬೇಕಾಯಿತು. ನನಗೆ ಒಳಗೊಳಗೇ ಸಿಟ್ಟು. ನಾನು ಕಷ್ಟಪಟ್ಟು ಹುಡುಕಿ ತಂದ ವಾಕ್ಯಗಳನ್ನೆಲ್ಲ ಹೀಗೆ ಚಿಂದಿಯಲ್ಲಿ ಮುಚ್ಚಿದರೆ ಯಾವ ಟೀಚರಿಗೆ ತಾನೇ ಆಗುತ್ತದೆ?

ಅಷ್ಟರಲ್ಲಿ ಚಿಕ್ಕಪ್ಪ ಕೆಲಸ ಮಾಡುತ್ತಿದ್ದ ಮಿಲ್ಲು ಮುಚ್ಚಿತು. ಚಿಕ್ಕಮ್ಮ ಬಟ್ಟೆ ಕಾರ್ಖಾನೆಗೆ ಸೇರುವುದೊಂದೇ ದಾರಿ ಎಂದು ಮನೆಯವರೆಲ್ಲ ತೀರ್ಮಾನಿಸಿದರು. ದಿನವಿಡೀ ಬರೀ ಕಾಲರ್ ಹೊಲಿಯುವ ಕೆಲಸ. “ಇಡೀ ಬಟ್ಟೆ ಹೊಲಿಯೋಳು ನಾನು. ಬರೀ ಕಾಲರ್ ಹೊಲ್ಕೊಂಡು ಇರೋಕಾಗಲ್ಲ” ಎಂದು ಅವಳು ಮೊದಲ ಸಲ ನನ್ನೆದುರು ಅತ್ತಳು. ಆಗಲೇ ಜೆ.ಪಿ. ನಗರದ ಖಾಲಿ ಸೈಟುಗಳ ನಡುವೆ ಹೊಸದಾಗಿ ಎದ್ದ ಶಾಲೆಯೊಂದು ಯೂನಿಫಾರ್ಮ್ ಹೊಲಿಯುವವರನ್ನು ಹುಡುಕುತ್ತಿದೆ ಎಂಬ ಸುದ್ದಿ ಬಂತು. ಅದು ಸಿಕ್ಕರೆ ಜಗಲಿ ಉಳಿಯುತ್ತದೆ, ಮಿಷನ್ನೂ ಉಳಿಯುತ್ತದೆ. ಹೆಡ್ ಮಿಸ್ಸಿಗೆ ಮಾತ್ರ ಕನ್ನಡದ ಗಂಧವೇ ಇಲ್ಲವಂತೆ.

“ನೀನೂ ಬಾ ಪುಟ್ಟಿ” ಎಂದಳು ಚಿಕ್ಕಮ್ಮ. ಇನ್ನೇನು ಬೇಕು! ಸಂಧಾನಕ್ಕೆ ಹೊರಟ ಮಂತ್ರಿಯ ಹಾಗೆ ನಾನು ಹನ್ನೆರಡು ವಾಕ್ಯ ಬಾಯಿಪಾಠ ಮಾಡಿಕೊಂಡು ಹೋದೆ.

ಹೆಡ್ ಮಿಸ್ಸು ಕನ್ನಡಕದ ಮೇಲಿಂದ ನೋಡುತ್ತಾ ಇಂಗ್ಲಿಷಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ. ಮಕ್ಕಳು ಬೇಗ ಬೆಳೆಯುತ್ತಾರೆ, ವರ್ಷ ತುಂಬುವುದರೊಳಗೆ ಸ್ಕರ್ಟು ಗಿಡ್ಡವಾಗುತ್ತದೆ, ತಾಯಂದಿರು ಬಂದು ಜಗಳವಾಡುತ್ತಾರೆ, ಅದಕ್ಕೆ ನೀವೇನು ಮಾಡುತ್ತೀರಿ? ಉತ್ತರ ನನಗೆ ಗೊತ್ತಿತ್ತು. ನಮ್ಮ ಮನೆಗಳ ಹೆಣ್ಣುಮಕ್ಕಳ ಲಂಗಗಳಿಗೆಲ್ಲ ಕೆಳಗೆ ನಾಲ್ಕು ಬೆರಳು ಬಟ್ಟೆ ಒಳಕ್ಕೆ ಮಡಚಿ ಹೊಲಿದಿರುತ್ತಾರೆ, ಹುಡುಗಿ ಉದ್ದವಾದ ಹಾಗೆ ಬಿಚ್ಚಿ ಇಳಿಸುತ್ತಾರೆ. ಆದರೆ ಅದಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ? ನನ್ನ ಹನ್ನೆರಡು ವಾಕ್ಯಗಳಲ್ಲಿ ಅದು ಇರಲಿಲ್ಲ. ಸರಿಯಾದ ಪದ ಸಿಗದೆ ಬಾಯಿ ತೆರೆಯಬಾರದೆಂಬುದು ನನ್ನ ಹಟ. ಹೆಡ್ ಮಿಸ್ಸು ಗಡಿಯಾರ ನೋಡಿದರು.

ಚಿಕ್ಕಮ್ಮ ನನ್ನನ್ನು ಭುಜ ಹಿಡಿದು ಎಬ್ಬಿಸಿದಳು. ಮಾದರಿಗೆಂದು ತಂದಿದ್ದ ಪುಟ್ಟ ನೀಲಿ ಸ್ಕರ್ಟನ್ನು ನನ್ನ ಸೊಂಟಕ್ಕೆ ಹಿಡಿದಳು. “ದಿಸ್ ಇಯರ್” ಎಂದಳು. ಬಗ್ಗಿ ಹಲ್ಲಿನಲ್ಲಿ ದಾರ ಕಡಿದು ಒಂದು ಮಡಿಕೆ ಬಿಚ್ಚಿದಳು. “ನೆಕ್ಸ್ಟ್ ಇಯರ್.” ಇನ್ನೊಂದು ದಾರ ಎಳೆದಳು. “ನೆಕ್ಸ್ಟ್ ನೆಕ್ಸ್ಟ್ ಇಯರ್. ಮದರ್ ನೋ ಫೈಟ್. ಪ್ರಾಮಿಸ್.”

ಹೆಡ್ ಮಿಸ್ಸು ಕನ್ನಡಕ ತೆಗೆದು ಗಟ್ಟಿಯಾಗಿ ನಕ್ಕರು. ಎದ್ದು ಬಂದು ಮಡಿಕೆಯನ್ನು ತಾವೇ ಮುಟ್ಟಿ ನೋಡಿದರು. ಆರ್ಡರ್ ಅಲ್ಲೇ ಸಿಕ್ಕಿತು. ನಿಮಗೆ ಇಂಗ್ಲಿಷ್ ಕಲಿಸಿದವರು ಯಾರೆಂದು ಅವರು ಕೇಳಿದಾಗ ಚಿಕ್ಕಮ್ಮ ನನ್ನನ್ನು ಮುಂದೆ ತಳ್ಳಿ “ಮೈ ಟೀಚರ್” ಎಂದುಬಿಟ್ಟಳು. ಭೂಮಿ ಬಾಯಿ ಬಿಡಬಾರದೇ ಎನಿಸಿತು ನನಗೆ.

ವಾಪಸು ನಡೆದು ಬರುವಾಗ ಅವಳು ಕೇಳಿದಳು, “ಈಗ ತೋರಿಸಿದ್ನಲ್ಲ, ಅದಕ್ಕೆ ಇಂಗ್ಲಿಷಲ್ಲಿ ಏನಂತಾರೆ?”

“ಗೊತ್ತಿಲ್ಲ ಚಿಕ್ಕಮ್ಮ.” ಅವಳೆದುರು ಆ ಮಾತು ಹೇಳಿದ್ದು ಅದೇ ಮೊದಲು.

“ಹೋಗ್ಲಿ ಬಿಡು. ಉದಾಹರಣೆ ಆಯ್ತಲ್ಲ, ಹೆಸರು ನಿಧಾನಕ್ಕೆ ಬರ್ಲಿ.”

ಒಂದು ಮಿಷನ್ನು ನಾಲ್ಕಾಯಿತು, ಜಗಲಿ ಅಂಗಡಿಯಾಯಿತು. ನಾನು ನಿಜವಾಗಿಯೂ ಟೀಚರಾದೆ. ಬಂದವರಿಗೆಲ್ಲ ಅವಳು “ನಂಗೆ ಇಂಗ್ಲಿಷ್ ಕಲಿಸಿದ್ದು ಇವಳೇ” ಎಂದು ನನ್ನನ್ನು ತೋರಿಸುತ್ತಾ ಬಂದಳು. ನಾನೂ ಬೇಡವೆನ್ನದೆ ಆ ಮರ್ಯಾದೆಯನ್ನು ನಲವತ್ತು ವರ್ಷ ಅನುಭವಿಸಿದೆ. ಇಷ್ಟು ಬರೆದ ಮೇಲೆ ಮನಸ್ಸು ತಡೆಯದೆ ಈಗ ಫೋನ್ ಮಾಡಿದೆ. ಆ ದಿನ ನಾನು ಒಂದು ಮಾತೂ ಆಡಲಿಲ್ಲ, ಆ ಆರ್ಡರ್ ಕೈತಪ್ಪಿಸುತ್ತಿದ್ದೆ, ಎಲ್ಲ ನಿನ್ನದೇ ಚಿಕ್ಕಮ್ಮ, ನನ್ನದೇನೂ ಇರಲಿಲ್ಲ ಎಂದು ಒಂದೇ ಉಸಿರಿಗೆ ಒಪ್ಪಿಸಿದೆ.

ಆ ಕಡೆಯಿಂದ ನಗು ಕೇಳಿಸಿತು. “ನೀನು ಮಾತಾಡ್ತೀಯ ಅಂತ ಯಾರು ಕರ್ಕೊಂಡು ಹೋಗಿದ್ರು? ಒಬ್ಳೇ ಆ ಸ್ಕೂಲ್ ಗೇಟು ದಾಟೋಕೆ ನಂಗೆ ಭಯ ಇತ್ತು ಕಣೇ, ಅದಕ್ಕೆ.”