ಮಗಳ ಮದುವೆಯಲ್ಲಿ ಚಿಗವ್ವನ ಪಾರ್ಟು

ನಾನು ಕಂಡಕ್ಟರ್. ಹೋದ ವಾರ ಮಸ್ಕಿಯಲ್ಲಿ ನಮ್ಮ ಬಸ್ಸಿಗೆ ಇಬ್ಬರು ಹೆಂಗಸರು ಹತ್ತಿದರು. ಎಲ್ಲೋ ನಾಟಕ ಆಡಿ ಬಂದವರಿರಬೇಕು, ಕಿವಿಯ ಹಿಂದೆ ಬಣ್ಣ ಹಾಗೇ ಉಳಿದಿತ್ತು. ಟಿಕೆಟ್ ಕೊಡಲು ಬಗ್ಗಿದರೆ ಕೊಬ್ಬರಿ ಎಣ್ಣೆ, ಬಣ್ಣದ ಪುಡಿ, ಬಾಡಿದ ಮಲ್ಲಿಗೆ ಎಲ್ಲ ಬೆರೆತ ವಾಸನೆ. ಚಿಗವ್ವನ ವಾಸನೆ ಅದು… ಸಿಂಧನೂರು ಬರುವವರೆಗೆ ನನ್ನ ತಲೆಗೆ ಬೇರೇನೂ ಹೋಗಲಿಲ್ಲ.

ಚಿಗವ್ವ ಅಂದರೆ ಚಿಕ್ಕಮ್ಮ, ಆದರೆ ಆಕೆ ನನಗೆ ಸಂಬಂಧಿಯಲ್ಲ. ಮಸ್ಕಿಯಲ್ಲಿ ನಮ್ಮ ಪಕ್ಕದ ಮನೆಯಾಕೆ, ಓಣಿಯ ಮಕ್ಕಳೆಲ್ಲ ಹಾಗೆ ಕರೆಯುತ್ತಿದ್ದೆವು. ಸುತ್ತಲ ಹಳ್ಳಿಯ ಗಂಡಸರು ನಾಟಕ ಆಡಿದರೆ ಹೆಣ್ಣಿನ ಪಾತ್ರಕ್ಕೆ ಇವರನ್ನು ಕರೆಸುತ್ತಿದ್ದರು. ಗಂಡಸರು ತಿಂಗಳುಗಟ್ಟಲೆ ತಾಲೀಮು ಮಾಡಿರುತ್ತಿದ್ದರು. ಚಿಗವ್ವ ಮಾತ್ರ ನಾಟಕದ ದಿನವೇ ಹೋಗಿ, ಹಿಂದೆಂದೂ ನೋಡದವನನ್ನು ಗಂಡ ಅಂತಲೋ ಮಗ ಅಂತಲೋ ಕರೆದು ಜನರನ್ನು ನಂಬಿಸಬೇಕಿತ್ತು. ಎದುರಿನವನು ಮಾತು ಮರೆತು ಕಂಬದ ಹಾಗೆ ನಿಂತರೆ, ಅವನ ಮಾತನ್ನೇ ಪ್ರಶ್ನೆ ಮಾಡಿ ಅವನ ಬಾಯಿಗೆ ಇಡುತ್ತಿದ್ದರು. ಅವನ ಮರ್ಯಾದೆ ಉಳಿಯುತ್ತಿತ್ತು, ಚಪ್ಪಾಳೆಯೂ ಅವನಿಗೇ ಬೀಳುತ್ತಿತ್ತು.

ನಾನೋ, ಯಾರಾದರೂ ಜೋರು ಮಾಡಿದರೆ ಅತ್ತೇಬಿಡುವ ಹುಡುಗಿ. ಕಂಡಕ್ಟರ್ ಕೆಲಸ ಸಿಕ್ಕಾಗ ಮನೆಯವರೇ ನಕ್ಕರು. ಚಿಗವ್ವ ನಗಲಿಲ್ಲ, ಹಿತ್ತಲಲ್ಲಿ ನಿಲ್ಲಿಸಿ ನನಗೂ ತಾಲೀಮು ಕೊಟ್ಟರು.

“ಗಂಟಲದಿಂದ ಒದರಬ್ಯಾಡ, ಹೊಟ್ಟಿಯಿಂದ ಮಾತಾಡು. ಯಾವನರ ಸಿಟ್ಟಿಗೆದ್ರ ಅವನ ಮಾತು ಪೂರಾ ಕೇಳು. ಮಾತು ಮುಗಿಯೋದ್ರಾಗ ಅರ್ಧ ತಣ್ಣಗಾಗಿರ್ತಾನ.”

ಭತ್ತದ ನಾಟಿಯ ದಿನಗಳಲ್ಲಿ ಸಿಂಧನೂರು ಸ್ಟ್ಯಾಂಡಿನಲ್ಲಿ ಸೀಟಿಗಾಗಿ ಕೈ ಕೈ ಮಿಲಾಯಿಸುವವರ ನಡುವೆ ನಿಂತಾಗ ಇಂದಿಗೂ ನನ್ನ ಕೈಹಿಡಿಯುವುದು ಆ ತಾಲೀಮೇ.

ಚಿಗವ್ವನಿಗೆ ಒಬ್ಬಳೇ ಮಗಳು. ಗಂಡ ಬಿಟ್ಟುಹೋದ ಮೇಲೆ ಪಾರ್ಟು ಮಾಡಿಯೇ ಅವಳನ್ನು ಬೆಳೆಸಿದ್ದರು. ಬಂದ ಗಂಡಿನ ಕಡೆಯವರೆಲ್ಲ ‘ನಾಟಕದಾಕಿ ಮಗಳಂತ’ ಎಂದು ಗೊತ್ತಾಗುತ್ತಲೇ ಬಂದ ದಾರಿ ಹಿಡಿದರು. ಕೊನೆಗೆ ಲಿಂಗಸುಗೂರಿನಿಂದ ಒಳ್ಳೆಯ ಸಂಬಂಧ ಬಂದಾಗ ಚಿಗವ್ವ ತಾವೇ ಒಂದು ಉಪಾಯ ಹೂಡಿದರು. ತುರ್ವಿಹಾಳದ ತಮ್ಮನ ಮನೆಯಲ್ಲಿ ಹೆಣ್ಣು ತೋರಿಸುವುದು. ತಮ್ಮ, ತಮ್ಮನ ಹೆಂಡತಿಯೇ ತಂದೆತಾಯಿ. ತಾವು ಪಕ್ಕದ ಮನೆಯ ಚಿಗವ್ವ.

“ನಾ ಒಲ್ಲೆಬೇ ಯವ್ವಾ” ಎಂದು ಮಗಳು ಹಟ ಹಿಡಿದು ಅತ್ತಳು.

“ಒಂದು ಪಾರ್ಟು ಅಂತ ತಿಳ್ಕೊ, ಅಷ್ಟ. ನಿನ್ನ ಬಾಳೇವು ಹಸನಾಗತೈತಿ” ಎಂದರು.

ಹೆಣ್ಣು ನೋಡಲು ಬಂದ ದಿನ ನಾನೂ ಅಲ್ಲಿದ್ದೆ. ಚಿಗವ್ವ ಚಹಾ ಕೊಟ್ಟರು, ಹುಡುಗಿ ಬಹಳ ಸಂಭಾವಿತಳೆಂದು ನೆರೆಯವರಂತೆ ಎರಡು ಮಾತು ಹೊಗಳಿದರು, ಕಪ್ಪು ಎತ್ತಿಕೊಂಡು ಒಳಗೆ ಹೋದರು. ಮದುವೆಯಲ್ಲಿ ಮಗಳ ಉಡಿ ತುಂಬಿದ್ದು ತಮ್ಮನ ಹೆಂಡತಿ. ಚಿಗವ್ವ ಅಕ್ಕಿಯ ತಟ್ಟೆ ಹಿಡಿದು ಹಿಂದೆ ನಿಂತಿದ್ದರು. ಗಂಡನ ಮನೆಗೆ ಕಳಿಸುವಾಗ ಪಕ್ಕದ ಮನೆಯಾಕೆ ಎಷ್ಟು ಅಳಬೇಕೋ ಅಷ್ಟೇ ಅತ್ತರು, ಒಂದು ಹನಿ ಹೆಚ್ಚಿಲ್ಲ. ನಾಟಕ ಕಲಿತರೆ ಬದುಕಿಗೆ ಒದಗುತ್ತದೆ ಎಂದು ನಾನೇ ಎಷ್ಟೋ ಜನಕ್ಕೆ ಹೇಳಿದ್ದೇನೆ. ಅವತ್ತು ಮಾತ್ರ ಆ ವಿದ್ಯೆಯ ಮೇಲೆ ನನಗೆ ಕೆಟ್ಟ ಸಿಟ್ಟು ಬಂತು.

ಆಮೇಲೆ ಅದೇ ರೂಢಿಯಾಯಿತು. ಮಗಳು ಫೋನು ಮಾಡಿದರೆ, ಗಂಡನ ಮನೆಯವರ ಮುಂದೆ ‘ಚಿಗವ್ವ’ ಎನ್ನುತ್ತಿದ್ದಳು. ಮೊಮ್ಮಗನೂ ಹಾಗೇ ಕರೆಯಲು ಕಲಿತ. ಚಿಗವ್ವ ಅದನ್ನು ನಮಗೆ ಹೇಳಿ ಹೇಳಿ ನಗುತ್ತಿದ್ದರು. ನಗು ಚೆನ್ನಾಗಿಯೇ ಇರುತ್ತಿತ್ತು…

ಚಿಗವ್ವ ತೀರಿಕೊಂಡ ಸುದ್ದಿ ತಿಳಿದು ಮಗಳು ಬಂದಾಗ ಜೊತೆಗೆ ಅವಳ ಅತ್ತೆಯೂ ಬಂದರು. ಪಕ್ಕದ ಮನೆಯವಳ ಮಣ್ಣಿಗೆ ಇವರೇಕೆ ಬಂದರೆಂದು ನಾವು ಮುಖ ಮುಖ ನೋಡಿಕೊಂಡೆವು. ಮಗಳು ಬಾಯಿಗೆ ಸೆರಗು ಒತ್ತಿಕೊಂಡು ಬಾಗಿಲಲ್ಲೇ ನಿಂತಿದ್ದಳು. ಆಮೇಲೆ ಅವಳಿಂದ ತಡೆಯಲು ಆಗಲಿಲ್ಲ. “ಯವ್ವಾ… ನನ್ನ ಹಡದವ್ವಾ…” ಎಂದು ಹೆಣದ ಮೇಲೆ ಬಿದ್ದಳು. ತಮ್ಮನ ಹೆಂಡತಿ ಗಾಬರಿಯಾಗಿ, ಆ ಅತ್ತೆಗೆ ಏನೋ ಸಬೂಬು ಹೇಳಹೋದರು.

“ಇರ್ಲಿ ಬಿಡವ್ವಾ” ಎಂದರು ಆ ಹಿರಿಯರು. “ಹೆಣ್ಣು ನೋಡಾಕ ಬಂದ ದಿನಾನ ನಂಗ ಗೊತ್ತಾಗಿತ್ತು. ಆಕಿ ಮಾರಿ, ಈಕಿ ಮಾರಿ ಬ್ಯಾರೆ ಐತೇನು? ಬೀಗತಿ ತಾನಾಗೇ ಬಾಯಿಬಿಟ್ಟು ಹೇಳ್ಲಿ, ನಾ ಕೇಳಿದ್ರ ಆಕಿ ಮನಸ್ಸಿಗೆ ನೋವಾದೀತು ಅಂತ ಸುಮ್ಮನಿದ್ದೆ.”

ಚಿಗವ್ವ ಇದನ್ನು ಕೇಳಬೇಕಿತ್ತು. ಈ ಇಬ್ಬರು ಬೀಗತಿಯರಲ್ಲಿ ಒಬ್ಬರು ಮಾತಾಡಿದ್ದರೆ ಸಾಕಿತ್ತು.

ಮಗಳು ಈಗಲೂ ಲಿಂಗಸುಗೂರು ಬಸ್ಸಿನಲ್ಲಿ ಆಗಾಗ ಸಿಗುತ್ತಾಳೆ. ಪಕ್ಕದಲ್ಲಿ ಯಾರೇ ಕೂತಿರಲಿ, ಕೇಳಲಿ ಬಿಡಲಿ, ‘ನಮ್ಮವ್ವ ನಾಟಕದಾಕಿ ಇದ್ಲು’ ಎಂದು ಶುರುಮಾಡುತ್ತಾಳೆ. ಮಸ್ಕಿ ದಾಟಿದರೂ ಅವಳ ಮಾತು ಮುಗಿಯುವುದಿಲ್ಲ. ಹೇಳುತ್ತ ಹೇಳುತ್ತ ನನ್ನ ಕಡೆ ತಿರುಗಿ, “ಹೌದಲ್ಲಕ್ಕಾ?” ಅನ್ನುತ್ತಾಳೆ. ಹೌದು ಅನ್ನುತ್ತೇನೆ. ಚಿಗವ್ವನದೇ ಆ ಮುಖ, ಅದನ್ನು ಮಾತ್ರ ನೋಡಲಾರೆ.