ಸಪ್ಪೆ ಚಹಾದ ಡಾಕ್ಟರು

ಕಾಲುವೆಯ ನೀರು ಹರಿದು ಹೊಸಪೇಟೆ, ಕಂಪ್ಲಿ ಸೀಮೆಯ ಬೆದ್ದಲುಗಳೆಲ್ಲ ಕಬ್ಬಿನ ಗದ್ದೆಗಳಾದ ಕಾಲದಲ್ಲಿ, ಆ ಸಿಹಿಯ ಸಮೃದ್ಧಿ ಜನರ ರಕ್ತಕ್ಕೂ ನರಗಳಿಗೂ ಏನು ಮಾಡೀತೆಂದು ತಲೆ ಕೆಡಿಸಿಕೊಂಡ ವೈದ್ಯರಲ್ಲಿ ಡಾ. ಮರುಳಸಿದ್ದಪ್ಪನವರು ಪ್ರಮುಖರು. ಮೂರು ದಶಕ ನಡೆಸಿದ ದವಾಖಾನೆಯಿಂದ ಅವರೀಗ ನಿವೃತ್ತರಾಗುತ್ತಿದ್ದಾರೆ.

ಅರವತ್ತರ ದಶಕದಲ್ಲಿ ಅವರು ಸೈಕಲ್ಲೇರಿ ಊರೂರು ಸುತ್ತುತ್ತಿದ್ದಾಗ, ಚಹಾಕ್ಕೆ ಸಕ್ಕರೆ ಕಡಿಮೆಯಾದರೆ ಮನೆತನದ ಮರ್ಯಾದೆಯೇ ಹೋಯಿತೆನ್ನುವ ಕಾಲ. ಪಾಯಸದಂಥ ಆ ಚಹಾ ಡಾಕ್ಟರಿಗೂ ಪಂಚಪ್ರಾಣವಾಗಿತ್ತು.

ಎಪ್ಪತ್ತೆಂಟರಲ್ಲಿ ಕಂಪ್ಲಿಯ ರೈತ ಭರಮಣ್ಣ ಬಂದ. ಚಪ್ಪಲಿಯೊಳಗಿನ ಹರಳುಕಲ್ಲೊಂದು ದಿನವಿಡೀ ಅಂಗಾಲು ಕೊರೆದಿದ್ದರೂ ಅವನಿಗೆ ಗೊತ್ತೇ ಆಗಿರಲಿಲ್ಲ. ರಕ್ತ ಕಂಡು ಚೀರಿದವಳು ಹೆಂಡತಿ ಹುಲುಗಮ್ಮ. ಸಕ್ಕರೆ ಕಾಯಿಲೆಯಿಂದ ಕಾಲಿನ ನರಗಳು ಮಂಕಾಗಿದ್ದವು. ಪರೀಕ್ಷೆಗೆ ತೆಗೆದ ರಕ್ತ ಹೆಪ್ಪುಗಟ್ಟಿದಾಗ ಮೇಲೆ ನಿಲ್ಲುವ ತಿಳಿ, ಕೊಬ್ಬು ತುಂಬಿ ಹಾಲಿನಂತೆ ಬೆಳ್ಳಗಿತ್ತು. ಹೀಗೇ ಬಿಟ್ಟರೆ ಕಾಲೇ ಹೋದೀತು. ಗುಳಿಗೆ ಕೊಟ್ಟು, ಸಕ್ಕರೆ, ತುಪ್ಪ ಎರಡನ್ನೂ ಬಿಡಿಸಿದರು. ತಿಂಗಳುಗಳು ಕಳೆದರೂ ತಿಳಿ ಬೆಳ್ಳಗೇ ಉಳಿಯಿತು. ತಲೆಬುಡ ತಿಳಿಯದೆ ಡಾಕ್ಟರು ನೇರ ಕಂಪ್ಲಿಗೇ ಹೋದರು.

ಹುಲುಗಮ್ಮ ಕೊಟ್ಟ ಚಹಾ ಬಾಯಿಗಿಟ್ಟರೆ ಜೇನಿನಷ್ಟು ಸಿಹಿ!

“ಸಕ್ರಿ ಮುಟ್ಟಿಲ್ರಿ,” ಎಂದಳು ಆಕೆ. “ಇದು ನಮ್ಮ ಹೊಲದ ಬೆಲ್ಲ. ಇದೇನ್ ಮಾಡತೈತ್ರಿ?”

ಡಾಕ್ಟರು ಹಣೆ ಚಚ್ಚಿಕೊಂಡರು. ಕಬ್ಬಿನ ಸೀಮೆಯಲ್ಲಿ ಕೂತು, ಬೆಲ್ಲದ ಹೆಸರನ್ನೇ ಎತ್ತಿರಲಿಲ್ಲ!

“ಬೆಲ್ಲ ತಿಂದ್ರೂ ರಕ್ತದಾಗ ಕೊಬ್ಬು ಏರತೈತವ್ವ, ನರಕ್ಕೂ ಪೆಟ್ಟು. ಇನ್ಮ್ಯಾಲೆ ಇವ್ನಿಗೂ ನನಗೂ ಸಪ್ಪನ ಚಾನ ಕೊಡು.”

“ಮನಿಗೆ ಬಂದೋರಿಗೆ ಸಪ್ಪನ ಚಾ ಹೆಂಗ ಕೊಡ್ಲಿರಿ?” ಎಂದು ಆಕೆ ಕಣ್ಣೀರು ಹಾಕಿದಳು.

ಕೊಟ್ಟಳು. ಡಾಕ್ಟರು ಮುಖ ಕಿವುಚದೆ ಕುಡಿದರು. ಅಂದಿನಿಂದ ಯಾರ ಮನೆಗೆ ಹೋದರೂ ಅವರದು ಸಪ್ಪೆ ಚಹಾವೇ. ಡಾಕ್ಟರೇ ಕುಡಿದ ಮೇಲೆ, ಅದನ್ನು ಕೊಡುವುದು ಯಾವ ಮನೆಗೂ ಅವಮಾನವೆನಿಸಲಿಲ್ಲ. ಸಿಹಿಯ ಚಪಲದ ಆ ಮನುಷ್ಯ ನಮಗಾಗಿ ಬಿಟ್ಟುಕೊಟ್ಟದ್ದು ಸಣ್ಣದಲ್ಲ.

ಭರಮಣ್ಣನ ರಕ್ತ ತಿಳಿಯಾಯಿತು. ಕಾಲು ಉಳಿಯಿತು. ಸ್ಪರ್ಶ ಎಷ್ಟು ಮರಳಿದೆಯೆಂಬುದು ಮಾತ್ರ ಡಾಕ್ಟರಿಗೆ ಸಂಶಯವೇ ಆಗಿತ್ತು.

ಮೊನ್ನೆಯ ಬೀಳ್ಕೊಡುಗೆಯಲ್ಲಿ ಭರಮಣ್ಣ ಹಾರ ಹಾಕಿ, ವೇದಿಕೆ ಇಳಿದು ಚಪ್ಪಲಿ ಮೆಟ್ಟಿದವನೇ ಗಕ್ಕನೆ ನಿಂತ. “ಕಲ್ಲು ಚುಚ್ಚತೈತ್ರೀ ಡಾಕ್ಟ್ರೇ!” ಎಂದು ಸಭೆಗೆಲ್ಲ ಕೇಳುವಂತೆ ಕೂಗಿದ. ಹಾರದೊಳಗೆ ಮುಖ ಮರೆಸಿ ಡಾಕ್ಟರು ಕಣ್ಣೊರೆಸಿಕೊಂಡರು.

ಪೂಜ್ಯರು ನೂರ್ಕಾಲ ಬಾಳಲಿ, ಮನೆಬಾಗಿಲಿಗೆ ಬಂದವರಿಗೆ ಬುದ್ಧಿ ಹೇಳುವ ಕೆಲಸ ಬಿಡದಿರಲಿ. ಭರಮಣ್ಣನ ಕಾಲಿಗೆ ಕಲ್ಲು ಚುಚ್ಚುತ್ತಲೇ ಇರಲಿ.